ರಾಗ ಗುಳಿಗೆಯಲ್ಲ: ಹಿಂದೂಪುರ–ಕಲ್ಯಾಣದುರ್ಗ ಸೀಮೆಯಿಂದ ‘ಒತ್ತಡ ನಿವಾರಕ ಸಂಗೀತ’ದ ವಿಮರ್ಶೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು ಪುನರುಕ್ತಿಗಳನ್ನು ಮಾತ್ರ ತೆಗೆಯಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ಸಾರಾಂಶ

ಇಂಥ ಕಾಯಿಲೆಗೆ ಇಂಥ ರಾಗ ಎಂದು ಹೇಳುವ ಪಟ್ಟಿಗಳು ಕನ್ನಡ ಮತ್ತು ತೆಲುಗಿನಲ್ಲಿ ಒಂದು ಬರವಣಿಗೆಯ ಪ್ರಕಾರವೇ ಆಗಿ ಬೆಳೆದಿವೆ. ಈ ಪ್ರಬಂಧವು ಆ ಪ್ರಕಾರವನ್ನು ಮೂರು ಕಡೆಯಿಂದ ಪರೀಕ್ಷಿಸುತ್ತದೆ: ರಾಗಗಳ ಇತಿಹಾಸ, ಸಂಗೀತ ಮತ್ತು ಒತ್ತಡದ ಮೇಲೆ ನಡೆದ ಅಧ್ಯಯನಗಳು, ಆಂಧ್ರದ ಗಡಿಸೀಮೆಯ ಕನ್ನಡಿಗರ ಹಾಡಿಕೆಯ ರೂಢಿ. ಸಂಗೀತದಿಂದ ಮನಸ್ಸು ಹಗುರವಾಗುವುದು ನಿಜ. ಆದರೆ ಆ ಹಗುರತನ ರಾಗದ ಹೆಸರಿಗಿಂತ ಹೆಚ್ಚಾಗಿ ಉಸಿರು, ಲಯ, ಪರಿಚಯ ಮತ್ತು ಜೊತೆಗಿರುವ ಜನರನ್ನು ಅವಲಂಬಿಸಿದೆ ಎಂಬುದು ಇಲ್ಲಿನ ವಾದ.

ಮುಖ್ಯ ಪದಗಳು: ರಾಗಚಿಕಿತ್ಸೆ, ಒತ್ತಡ, ಭಜನೆ, ಉರುಮೆ, ಗಡಿನಾಡ ಕನ್ನಡ, ರಾಳ್ಲಪಲ್ಲಿ ಅನಂತಕೃಷ್ಣ ಶರ್ಮ

1. ಪ್ರಸ್ತಾವನೆ

ನನ್ನ ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಳ್ಳುತ್ತೇನೆ. ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ, ರಾಯದುರ್ಗದ ಕಡೆಯಿಂದಲೂ ಕೆಲವರು ಸೇರಿದ್ದೀರಿ, ಸಂತೋಷ.

ಮೊದಲು ಒಂದು ಪದದ ವಿಷಯ. ಪುಸ್ತಕದಲ್ಲಿ ನಾವು ‘ಒತ್ತಡ’ ಅಂತ ಬರೆಯುತ್ತೇವೆ. ಹಿಂದೂಪುರದ ಮಾರುಕಟ್ಟೆಯಲ್ಲಿ, ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಆ ಪದ ಕೇಳೋದಿಲ್ಲ. ಅಲ್ಲಿ ಕನ್ನಡದವರಿಗೂ ತೆಲುಗಿನವರಿಗೂ ಇರೋದು ಒಂದೇ ಪದ, ‘ಟೆನ್ಷನ್’. ಸ್ವಲ್ಪ ಹಿರಿಯರಾದರೆ ‘ಎದೆ ಭಾರ’, ‘ಚಿಂತೆ’ ಅಂತಾರೆ. ಅದು ಕಡಿಮೆಯಾದಾಗ ಕನ್ನಡದಲ್ಲಿ ‘ಮನಸ್ಸು ಹಗುರಾಯ್ತು’, ತೆಲುಗಿನಲ್ಲೂ ‘ತೇಲಿಕ’ ಅನ್ನುವ ಅದೇ ಅರ್ಥದ ಮಾತು. ಈ ಪದಗಳಲ್ಲಿ ಒಂದು ತಿಳಿವಳಿಕೆ ಇದೆ. ಭಾರ ತಾನಾಗಿ ಕರಗೋದಿಲ್ಲ. ಅದನ್ನು ಎಲ್ಲೋ ಇಳಿಸಬೇಕು, ಇಲ್ಲವೇ ಇನ್ನೊಬ್ಬರು ಕೈಕೊಡಬೇಕು. ನನ್ನ ಇಡೀ ಮಾತು ಈ ತಿಳಿವಳಿಕೆಯನ್ನು ಆಧರಿಸಿದೆ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ಕೃತಿಯನ್ನಲ್ಲ, ಒಂದು ಪ್ರಕಾರವನ್ನು. ನೀವೆಲ್ಲ ನೋಡಿರುತ್ತೀರಿ: ‘ಬಿಪಿಗೆ ಆನಂದಭೈರವಿ, ನಿದ್ದೆಗೆ ನೀಲಾಂಬರಿ’. ಹಿಂದೆ ಕ್ಯಾಸೆಟ್ಟಿನ ಹೊದಿಕೆಯ ಮೇಲೆ, ವಾರಪತ್ರಿಕೆಯ ಆರೋಗ್ಯ ಪುಟದಲ್ಲಿ ಇರುತ್ತಿತ್ತು. ಈಗ ವಾಟ್ಸಾಪಿನಲ್ಲಿ, ಯೂಟ್ಯೂಬಿನಲ್ಲಿ ಬರುತ್ತದೆ. ಇದನ್ನು ‘ಪಟ್ಟಿ’ ಅಂತ ಕರೆಯೋಣ. ನಿರುಪದ್ರವಿ, ಬಿಟ್ಟುಬಿಡಿ ಅನ್ನಬಹುದು. ಆದರೆ ಪಟ್ಟಿ ನಂಬಿ ಬಿಪಿ ಮಾತ್ರೆ ನಿಲ್ಲಿಸುವವರು ಇದ್ದರೆ ಅದು ನಿರುಪದ್ರವಿಯಲ್ಲ. ಎರಡು ವರ್ಷ ಶೇಂಗಾ ಕೈಕೊಟ್ಟು ಸಾಲದಲ್ಲಿ ಕೂತಿರುವವನಿಗೆ ‘ದಿನಕ್ಕೆ 20 ನಿಮಿಷ ಈ ರಾಗ ಕೇಳಿ’ ಅಂದರೆ ಅದು ಬರೀ ಸಲಹೆಯೂ ಅಲ್ಲ.

2. ಪಟ್ಟಿಯ ಒಳಗಡೆ

ಪಟ್ಟಿ ಎರಡು ಆಧಾರ ಕೊಡುತ್ತದೆ. ಒಂದು, ‘ಇದು ಪ್ರಾಚೀನ ವಿಜ್ಞಾನ’. ಇನ್ನೊಂದು, ವಾಗ್ಗೇಯಕಾರರ ಕಥೆಗಳು. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯ ತಂಬಿಯಪ್ಪನ ಹೊಟ್ಟೆನೋವಿಗಾಗಿ ಅಠಾಣ ರಾಗದಲ್ಲಿ ‘ಬೃಹಸ್ಪತೇ’ ರಚಿಸಿದರು ಅನ್ನುವ ಕಥೆ ಇವುಗಳಲ್ಲಿ ತುಂಬ ಪ್ರಸಿದ್ಧ. ಆ ಕಥೆಯನ್ನೇ ಸರಿಯಾಗಿ ಓದಿ. ಶಿಷ್ಯನ ಜಾತಕದಲ್ಲಿ ಗುರುಗ್ರಹದ ದೋಷವಿತ್ತು, ಅದಕ್ಕೆ ಗುರುವಿನ ಸ್ತುತಿ ಅಂತ ಕಥೆ. ಅಲ್ಲಿ ಕೆಲಸ ಮಾಡಿದ್ದು ಅಠಾಣವೋ, ಮಂತ್ರದಂಥ ಸಾಹಿತ್ಯವೋ, ತನ್ನ ನೋವಿಗಾಗಿ ಗುರು ಒಂದು ಕೃತಿಯನ್ನೇ ಕಟ್ಟಿದರು ಅನ್ನುವ ಪ್ರೀತಿಯೋ? ಪಟ್ಟಿ ಉಳಿದ ಎಲ್ಲವನ್ನೂ ಬಿಟ್ಟು ರಾಗದ ಹೆಸರನ್ನು ಮಾತ್ರ ಕಿತ್ತುಕೊಂಡಿತು.

ಈಗ ‘ಪ್ರಾಚೀನ’ ಅನ್ನುವ ಮಾತು. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿ ದೇವಾಲಯ 16ನೇ ಶತಮಾನದ್ದು, ವಿಜಯನಗರ ಕಾಲದ್ದು. ಅದೇ ಶತಮಾನದಲ್ಲಿ, 1550ರಲ್ಲಿ, ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದ. ಅವನ ಮೇಳಗಳಲ್ಲಿ ಮೊದಲನೆಯದು ಮುಖಾರಿ, ಎಲ್ಲವೂ ಶುದ್ಧ ಸ್ವರಗಳು. ಇಂದಿನ ಲೆಕ್ಕದಲ್ಲಿ ಅದು ಕನಕಾಂಗಿಗೆ ಸಮ. ಇವತ್ತು ಕಛೇರಿಯಲ್ಲಿ ಕೇಳುವ ಮುಖಾರಿ ಖರಹರಪ್ರಿಯದ ಜನ್ಯ. ಹೆಸರು ಒಂದೇ, ಸ್ವರಗಳೇ ಬೇರೆ. ಹಾಗಾದರೆ ‘ಮುಖಾರಿ ಕೇಳಿದರೆ ದುಃಖ ಶಮನ’ ಅಂತ ಬರೆದವರು ಯಾವ ಮುಖಾರಿಯನ್ನು ಹೇಳುತ್ತಿದ್ದಾರೆ?

ಇನ್ನೊಂದು ಗೊಂದಲ ಉತ್ತರ–ದಕ್ಷಿಣದ್ದು. ಹಿಂದೂಸ್ತಾನಿಯ ತೋಡಿ ನಮ್ಮ ತೋಡಿ ಅಲ್ಲ, ಅದು ನಮ್ಮ ಶುಭಪಂತುವರಾಳಿಗೆ ಹತ್ತಿರ. ನಮ್ಮ ಹಿಂದೋಳ ಅವರ ಮಾಲಕೌಂಸ್, ಅವರ ಹಿಂಡೋಲ್ ಬೇರೆಯದೇ ರಾಗ. ಭೈರವಿಯದೂ ಅದೇ ಕಥೆ. ಪಟ್ಟಿಗಳು ಎರಡೂ ಕಡೆಯಿಂದ ಹೆಸರು ತಂದು ಒಂದೇ ಸಾಲಿನಲ್ಲಿ ಇಡುತ್ತವೆ. ಔಷಧಿ ಅಂಗಡಿಯಲ್ಲಿ ಎರಡು ಬೇರೆ ಬೇರೆ ಮಾತ್ರೆಗೆ ಒಂದೇ ಲೇಬಲ್ ಅಂಟಿಸಿದರೆ ನಾವು ಸುಮ್ಮನಿರುತ್ತೇವೆಯೇ?

3. ಕಲ್ಯಾಣದುರ್ಗದ ಕಡೆಯ ಒಬ್ಬ ಸಾಕ್ಷಿ

ಈ ಪ್ರಶ್ನೆಗೆ ಬೇಕಾದ ಸಾಕ್ಷಿ ಇದೇ ಸೀಮೆಯಲ್ಲಿ ಸಿಗುತ್ತದೆ. ಕಲ್ಯಾಣದುರ್ಗದ ಪಕ್ಕದ ಕಂಬದೂರು ಕಡೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದವರು ಅನಂತಕೃಷ್ಣ ಶರ್ಮ. 1912ರಿಂದ 1949ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಾಠ ಹೇಳಿದರು. ಬಿಡಾರಂ ಕೃಷ್ಣಪ್ಪನವರ ಬಳಿ ಸಂಗೀತ ಕಲಿತರು. ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ ಬರೆದರು. 1974ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಬಂತು, 1979ರಲ್ಲಿ ತೀರಿಕೊಂಡರು. ತೆಲುಗಿನವರು ನಮ್ಮವರು ಅಂತಾರೆ, ಕನ್ನಡದವರು ನಮ್ಮವರು ಅಂತಾರೆ, ಎರಡೂ ನಿಜ.

ಮೈಸೂರಿನಿಂದ ಅವರು ತಿರುಪತಿಗೆ ಹೋದದ್ದು ಅನ್ನಮಾಚಾರ್ಯರ ಕೀರ್ತನೆಗಳ ಕೆಲಸಕ್ಕೆ. ತಾಮ್ರದ ಹಲಗೆಗಳ ಮೇಲೆ ಸಾಹಿತ್ಯ ಇತ್ತು, ಪ್ರತಿ ಕೀರ್ತನೆಯ ತಲೆಯಲ್ಲಿ ರಾಗದ ಹೆಸರು ಇತ್ತು, ಸ್ವರಲಿಪಿ ಇರಲಿಲ್ಲ. ಹೇಗೆ ಹಾಡುತ್ತಿದ್ದರು ಅನ್ನುವುದು ಕಳೆದುಹೋಗಿತ್ತು. ಕೆಲವು ರಾಗಗಳ ಬಳಕೆಯೇ ನಿಂತುಹೋಗಿತ್ತು. ಶರ್ಮರು ನೂರಕ್ಕೂ ಹೆಚ್ಚು ಕೀರ್ತನೆಗಳಿಗೆ ಸ್ವರ ಹಾಕಿ ಕೊಟ್ಟರು. ಇಂದು ಬೆಳಗಿನ ಹೊತ್ತು ಮನೆಮನೆಯಲ್ಲಿ ಕೇಳುವ, ‘ಮನಸ್ಸಿಗೆ ಶಾಂತಿ’ ಅಂತ ಹಂಚಿಕೊಳ್ಳುವ ಅನ್ನಮಯ್ಯನ ಹಾಡುಗಳ ಧಾಟಿ ಬಹುಮಟ್ಟಿಗೆ 20ನೇ ಶತಮಾನದ್ದು. ಇದರಿಂದ ಆ ಹಾಡುಗಳ ಬೆಲೆ ಕಡಿಮೆಯಾಗಲ್ಲ. ಶಾಂತಿ ಸಿಗೋದಕ್ಕೆ ಹಾಡು ಐನೂರು ವರ್ಷ ಹಳೆಯದಿರಬೇಕಿಲ್ಲ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಪಟ್ಟಿಗೆ ಬೇಕಾಗಿದ್ದ ‘ಪ್ರಾಚೀನತೆ’ಯ ಬಲ ಇಲ್ಲಿಗೆ ಮುಗಿಯಿತು.

4. ಅಧ್ಯಯನಗಳು ಏನು ಹೇಳುತ್ತವೆ

ಇಷ್ಟು ಹೇಳಿ ‘ಎಲ್ಲಾ ಸುಳ್ಳು’ ಅಂತ ಎದ್ದು ಹೋದರೆ ಅದೂ ತಪ್ಪಾಗುತ್ತದೆ. 2020ರಲ್ಲಿ ಡಿ ವಿಟ್ಟೆ ಮತ್ತು ಸಂಗಡಿಗರು 104 ಪ್ರಯೋಗಗಳನ್ನು, ಅಂದರೆ 9,617 ಜನರ ಮೇಲಿನ ಫಲಿತಾಂಶಗಳನ್ನು, ಒಟ್ಟಿಗೆ ಇಟ್ಟು ನೋಡಿದರು. ಎದೆಬಡಿತ, ರಕ್ತದೊತ್ತಡ, ಹಾರ್ಮೋನಿನಂಥ ದೇಹದ ಲಕ್ಷಣಗಳ ಮೇಲೆ ಸಂಗೀತದ ಪರಿಣಾಮ ಸಣ್ಣದರಿಂದ ಮಧ್ಯಮ. ಆತಂಕದಂಥ ಮನಸ್ಸಿನ ಲಕ್ಷಣಗಳ ಮೇಲೆ ಮಧ್ಯಮ. ಇದೇ ಗುಂಪು ತರಬೇತಾದ ಚಿಕಿತ್ಸಕರು ಎದುರು ಕೂತು ನಡೆಸುವ ಸಂಗೀತ ಚಿಕಿತ್ಸೆಯ 47 ಅಧ್ಯಯನಗಳನ್ನು ಬೇರೆಯಾಗಿ ನೋಡಿದಾಗ ಪರಿಣಾಮ ಮಧ್ಯಮದಿಂದ ದೊಡ್ಡದು. ಈ ವ್ಯತ್ಯಾಸ ಗಮನಿಸಿ. ಹಾಡಿನ ಜೊತೆಗೆ ಒಬ್ಬ ಮನುಷ್ಯ ಇದ್ದಾಗ ಫಲ ಹೆಚ್ಚು.

ರಾಗಕ್ಕೆ ಏನೂ ಬೆಲೆಯಿಲ್ಲವೇ? ಇದೆ. 2015ರಲ್ಲಿ ಅವಂತಿಕಾ ಮಾಥುರ್ ಮತ್ತು ಸಂಗಡಿಗರು 12 ಹಿಂದೂಸ್ತಾನಿ ರಾಗಗಳನ್ನು ಕೇಳಿಸಿ ನೋಡಿದರು. ಬೇರೆ ಬೇರೆ ರಾಗ ಬೇರೆ ಬೇರೆ ಭಾವ ಹುಟ್ಟಿಸುವುದು ಕಂಡಿತು. ಆದರೆ ಆಲಾಪದಿಂದ ತಾಳ ಕೂಡುವ ಗತ್‌ಗೆ ಬಂದಾಗ ಅದೇ ರಾಗದ ಚೈತನ್ಯದ ಮಟ್ಟ ಬದಲಾಯಿತು. ಅಂದರೆ ರಾಗ ಎಷ್ಟೋ, ಲಯವೂ ಅಷ್ಟೇ. ಪಟ್ಟಿಯಲ್ಲಿ ಲಯಕ್ಕೆ ಒಂದು ಅಂಕಣವೂ ಇಲ್ಲ.

ಇನ್ನೊಂದು ಉದಾಹರಣೆ ಪಶ್ಚಿಮದ್ದು. 2011ರಲ್ಲಿ ‘ವೆಯ್ಟ್‌ಲೆಸ್’ ಅನ್ನುವ ಎಂಟು ನಿಮಿಷದ ತುಣುಕು ‘ಜಗತ್ತಿನ ಅತ್ಯಂತ ವಿಶ್ರಾಂತಿದಾಯಕ ಸಂಗೀತ’ ಅಂತ ಸುದ್ದಿಯಾಯಿತು. ಅದು ಸ್ನಾನದ ಸಾಮಗ್ರಿ ಮಾರುವವರ ಪ್ರಚಾರಕ್ಕಾಗಿ ಮಾಡಿಸಿದ್ದು. 2019ರಲ್ಲಿ ಅಮೆರಿಕದ ವೈದ್ಯರು ಅದನ್ನು ಸರಿಯಾಗಿ ಪರೀಕ್ಷಿಸಿದರು. ನರಕ್ಕೆ ಅರಿವಳಿಕೆ ಚುಚ್ಚುವ ಮೊದಲು 157 ರೋಗಿಗಳಲ್ಲಿ ಕೆಲವರಿಗೆ ಈ ಸಂಗೀತ, ಉಳಿದವರಿಗೆ ಮಿಡಾಜೊಲಾಮ್ ಔಷಧ. ಆತಂಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇಳಿಯಿತು. ಸಂಗೀತಕ್ಕೆ ಇದು ದೊಡ್ಡ ಗೌರವ. ಆದರೆ ಔಷಧ ಪಡೆದವರಲ್ಲೇ ತೃಪ್ತಿ ಹೆಚ್ಚಿತ್ತು; ಸಂಗೀತದವರಿಗೆ ಹಾಡು ಆರಿಸಿಕೊಳ್ಳುವ ಅವಕಾಶ ಇರಲಿಲ್ಲ. ಒಬ್ಬರು ಆರಿಸಿ ಎಲ್ಲರ ಕಿವಿಗೂ ಹಾಕಿದ್ದರ ಮಿತಿ ಅದು. ನಮ್ಮ ಪಟ್ಟಿಯ ಮಿತಿಯೂ ಅದೇ.

2013ರ ಥೋಮಾ ಅವರ ಪ್ರಯೋಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. 60 ಆರೋಗ್ಯವಂತ ಮಹಿಳೆಯರನ್ನು ಒತ್ತಡದ ಪರೀಕ್ಷೆಗೆ ಒಡ್ಡುವ ಮೊದಲು ಮೂರು ಗುಂಪು ಮಾಡಿದರು: ಒಂದಕ್ಕೆ ಪಾಶ್ಚಾತ್ಯ ಭಕ್ತಿಸಂಗೀತ, ಒಂದಕ್ಕೆ ಹರಿಯುವ ನೀರಿನ ಶಬ್ದ, ಒಂದಕ್ಕೆ ಬರೀ ವಿಶ್ರಾಂತಿ. ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಸಂಗೀತ ಕೇಳಿದವರಲ್ಲೇ ಹೆಚ್ಚು, ನೀರಿನ ಶಬ್ದ ಕೇಳಿದವರಲ್ಲಿ ಕಡಿಮೆ. ಆದರೆ ಒತ್ತಡ ಮುಗಿದ ಮೇಲೆ ನರಮಂಡಲ ಮೊದಲಿನ ಸ್ಥಿತಿಗೆ ಬೇಗ ಮರಳಿದ್ದು ಸಂಗೀತದವರಲ್ಲಿ. ಅಂದರೆ ‘ಒತ್ತಡ ಇಳಿಯಿತು’ ಅನ್ನುವುದು ಒಂದೇ ಅಳತೆಯಲ್ಲ. ಇನ್ನೂ ಒಂದು ಮಾತು ಸೇರಿಸುತ್ತೇನೆ. ವೇದಾವತಿಯ ಭೈರವಾನಿತಿಪ್ಪ ಜಲಾಶಯಕ್ಕೆ ಯಾವಾಗ ನೀರು ಬಂದೀತು ಅಂತ ಕಾಯುವ ಕಲ್ಯಾಣದುರ್ಗದ ರೈತನಿಗೆ ಹರಿಯುವ ನೀರಿನ ಶಬ್ದ ಬರೀ ಶಬ್ದವಲ್ಲ. ಅದು ನೆನಪು, ಆಸೆ, ಕೆಲವು ಸಲ ಹೊಟ್ಟೆಯುರಿ. ಕೇಳುವವರ ಬದುಕನ್ನು ಬಿಟ್ಟು ಶಬ್ದಕ್ಕೆ ಗುಣ ಹಚ್ಚೋದು ಕಷ್ಟ.

ಇನ್ನು ಉಸಿರಿನ ವಿಷಯ. ಇಟಲಿಯ ಬೆರ್ನಾರ್ದಿ 2001ರಲ್ಲಿ 23 ಜನರಿಂದ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಲಯ ಸುಧಾರಿಸಿತು. ಧರ್ಮ ಬೇರೆ, ಭಾಷೆ ಬೇರೆ, ಫಲ ಒಂದೇ. 2006ರಲ್ಲಿ ಅವರೇ 24 ಜನರಿಗೆ ಆರು ಬಗೆಯ ಸಂಗೀತ ಕೇಳಿಸಿದಾಗ ಉಸಿರು, ಎದೆಬಡಿತಗಳನ್ನು ನಡೆಸಿದ್ದು ಮುಖ್ಯವಾಗಿ ಹಾಡಿನ ವೇಗ. ಎಲ್ಲಕ್ಕಿಂತ ಹೆಚ್ಚು ವಿಶ್ರಾಂತಿ ಕಂಡದ್ದು ಸಂಗೀತದ ನಡುವೆ ಇಟ್ಟ ಎರಡು ನಿಮಿಷದ ಮೌನದಲ್ಲಿ!

5. ಭಜನೆ, ಉರುಮೆ, ಬೀಸುವ ಪದ

ಈಗ ಸೀಮೆಗೆ ಬರೋಣ. ಇಲ್ಲಿ ಜನ ಸಂಗೀತದಿಂದ ಹಗುರಾಗುತ್ತಿದ್ದದ್ದು ಹೇಗೆ?

ಒಂದು, ಭಜನೆ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ತಿರುಗಿ ಹೇಳುತ್ತಾರೆ. ಪುರಂದರದಾಸರ ಪದ ಆದ ಮೇಲೆ ತೆಲುಗಿನ ತತ್ತ್ವ ಬರುತ್ತದೆ. ಕನ್ನಡ, ತೆಲುಗು ಎರಡರಲ್ಲೂ ಹಾಡಿದ ಕೈವಾರದ ತಾತಯ್ಯ ಎರಡೂ ಕಡೆಯವರಿಗೆ ಸಲ್ಲುತ್ತಾರೆ. ಕೇಳುವಾಗ ಉಸಿರು ಒಳಕ್ಕೆ, ಹೇಳುವಾಗ ನಿಧಾನವಾಗಿ ಹೊರಕ್ಕೆ. ಬೆರ್ನಾರ್ದಿ ಅಳೆದದ್ದಕ್ಕೆ ಇದು ತೀರಾ ದೂರದ್ದಲ್ಲ. ಚೆಕ್ಕ ಭಜನೆಯಾದರೆ ಕೈಯಲ್ಲಿ ಮರದ ಚೆಕ್ಕೆ, ಕಾಲಲ್ಲಿ ಹೆಜ್ಜೆ. ಇಡೀ ಮೈ ದಣಿಯುತ್ತದೆ.

ಎರಡು, ಉರುಮೆ. ತುಮಕೂರು, ಚಿತ್ರದುರ್ಗದ ಕಡೆ ಉರುಮೆ, ಅನಂತಪುರದ ಕಡೆ ಉರುಮುಲು. ಚರ್ಮದ ಮೇಲೆ ಬಾಗಿದ ಕಡ್ಡಿ ಉಜ್ಜಿದಾಗ ಬರುವ ಆ ಗುಡುಗಿನಂಥ ಮೊರೆತ ಯಾವ ‘ರಿಲ್ಯಾಕ್ಸಿಂಗ್ ಮ್ಯೂಸಿಕ್’ ಪಟ್ಟಿಯಲ್ಲೂ ಬರೋದಿಲ್ಲ. ಆದರೆ ಗ್ರಾಮದೇವತೆಯ ಜಾತ್ರೆಯಲ್ಲಿ ಅದರ ಮುಂದೆ ಕುಣಿದು ಬೆವತವರು ‘ಹಗುರಾಯ್ತು’ ಅನ್ನುತ್ತಾರೆ. ಮೆಲ್ಲಗಿನದೇ ಶಾಂತಿ ಅನ್ನೋದು ಒಂದು ವರ್ಗದ ಅಭಿರುಚಿ, ದೇಹದ ನಿಯಮವಲ್ಲ. ಮೊದಲು ಉಕ್ಕಿ, ಆಮೇಲೆ ಇಳಿಯುವ ದಾರಿಯೂ ಇದೆ.

ಮೂರು, ಹೆಂಗಸರ ಬೀಸುವ ಪದ, ಕುಟ್ಟುವ ಪದ, ಸೋಬಾನೆ. ರಾಗಿಕಲ್ಲು ಹೋಯಿತು, ಪದಕ್ಕೆ ಇದ್ದ ಜಾಗವೂ ಹೋಯಿತು. ಅತ್ತೆಮನೆಯ ಕಷ್ಟವನ್ನು ನೇರವಾಗಿ ಹೇಳಲಾರದವಳು ಪದದಲ್ಲಿ ಹೇಳುತ್ತಿದ್ದಳು, ಜೊತೆಗೆ ಬೀಸುವವಳು ಅದನ್ನು ತಿರುಗಿ ಹೇಳುತ್ತಿದ್ದಳು. ಅವಳ ಮಾತನ್ನು ಯಾರೋ ಕೇಳಿಸಿಕೊಂಡರು ಅನ್ನುವುದಕ್ಕೆ ಅದು ಪುರಾವೆ. ಇಂದು ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಳ್ಳುತ್ತಾಳೆ. ಹಾಡು ಅವಳಿಗೆ ಕೇಳಿಸುತ್ತದೆ, ಅವಳು ಯಾರಿಗೂ ಕೇಳಿಸೋದಿಲ್ಲ. ಆ ಇಯರ್‌ಫೋನನ್ನು ನಾನು ಹಳಿಯುವುದಿಲ್ಲ. ಗಲಾಟೆಯ ಬಸ್ಸಿನಲ್ಲಿ ಅವಳಿಗೆ ಸಿಗುವ ಏಕೈಕ ಖಾಸಗಿ ಜಾಗ ಅದು. ಆದರೆ ಒಂದರ ಬದಲಿಗೆ ಇನ್ನೊಂದು ಬಂತು ಅಂತ ಹೇಳಲಾಗದು.

ಲೇಪಾಕ್ಷಿಯ ನಾಟ್ಯಮಂಟಪದ ಕಂಬಗಳನ್ನು ಈ ಕಣ್ಣಿನಿಂದ ನೋಡಿ. ತುಂಬುರು ವೀಣೆ ಹಿಡಿದಿದ್ದಾನೆ, ಬ್ರಹ್ಮ ಮದ್ದಳೆ ಬಾರಿಸುತ್ತಾನೆ, ರಂಭೆ ಕುಣಿಯುತ್ತಾಳೆ, ಮೂರು ಕಾಲಿನ ಭೃಂಗಿಯೂ ಹೆಜ್ಜೆ ಹಾಕುತ್ತಾನೆ. ಅಲ್ಲಿನ ಕಲ್ಪನೆಯಲ್ಲಿ ಸಂಗೀತ ಅಂದರೆ ಮಾಡುವ ಕೆಲಸ.

ಹಾಗಂತ ಹಳೆಯದನ್ನೆಲ್ಲ ಹೊಗಳಲಾರೆ. ಭಜನೆಮನೆಯ ಒಳಗೆ ಯಾರಿಗೆ ಜಾಗ, ಜಗಲಿಯ ಮೇಲೆ ಯಾರು, ರಸ್ತೆಯಲ್ಲೇ ಯಾರು ಅನ್ನುವುದನ್ನು ಜಾತಿ ತೀರ್ಮಾನಿಸುತ್ತಿತ್ತು. ಉರುಮೆಯ ಮುಂದೆ ಊರೆಲ್ಲ ಹಗುರಾಗುತ್ತದೆ. ಬಡಿಯುವ ದಲಿತ ಕಲಾವಿದನಿಗೆ ಕೂಲಿ ಎಷ್ಟು, ಮರ್ಯಾದೆ ಎಷ್ಟು, ಅವನ ಭಾರ ಇಳಿಸುವವರು ಯಾರು? ಮತ್ತೆ ಲೌಡ್‌ಸ್ಪೀಕರ್. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಪಕ್ಕದ ಮನೆಯಲ್ಲಿ ಕಾಯಿಲೆಯವರು ಮಲಗಿರುವಾಗ ಅರ್ಧ ರಾತ್ರಿಯವರೆಗೂ ಹಾಡು ಹಾಕಿದರೆ, ಅದು ಯಾವ ದೇವರದೇ ಆಗಲಿ, ಅವರ ಪಾಲಿಗೆ ಹಿಂಸೆಯೇ.

6. ಉಪಸಂಹಾರ

ಪಟ್ಟಿಯ ಮೇಲೆ ನನ್ನ ಮುಖ್ಯ ಆಕ್ಷೇಪ ಅದು ಅವೈಜ್ಞಾನಿಕ ಅನ್ನುವುದಷ್ಟೇ ಅಲ್ಲ. ಮಳೆ, ಸಾಲ, ಕೂಲಿ, ಮನೆಯೊಳಗಿನ ದೌರ್ಜನ್ಯ ಇವೆಲ್ಲವನ್ನೂ ಅದು ಒಬ್ಬನ ನರಗಳ ಸಮಸ್ಯೆಯನ್ನಾಗಿ ಮಾಡುತ್ತದೆ. ರಾಗ ಕೇಳಿದರೂ ಹಗುರಾಗದಿದ್ದರೆ ‘ನಾನೇ ಸರಿಯಾಗಿ ಕೇಳಲಿಲ್ಲವೇನೋ’ ಅನ್ನುವ ಇನ್ನೊಂದು ಭಾರವನ್ನೂ ಹೊರಿಸುತ್ತದೆ. ಜೊತೆಗೆ ಸಂಗೀತವನ್ನೂ ಕುಗ್ಗಿಸುತ್ತದೆ. ರಾಳ್ಲಪಲ್ಲಿಯವರು ತಮ್ಮ ಪುಸ್ತಕಕ್ಕೆ ‘ಕಲೆ’ ಅನ್ನುವ ಪದ ಇಟ್ಟರು. ಕಲೆಯಲ್ಲಿ ನೀಲಾಂಬರಿ ನಿದ್ದೆ ಬರಿಸಬಹುದು, ಎಚ್ಚರಿಸಲೂಬಹುದು, ಅಳಿಸಲೂಬಹುದು. ಗುಳಿಗೆಗೆ ಆ ಸ್ವಾತಂತ್ರ್ಯ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹಾಡನ್ನು ಆಯ್ಕೆ ಮಾಡುವುದು ಕೇಳುವವರ ಕೈಯಲ್ಲಿರಲಿ. ಕೇಳುವುದಕ್ಕಿಂತ ಹಾಡುವುದಕ್ಕೆ, ಒಬ್ಬರೇ ಹಾಡುವುದಕ್ಕಿಂತ ಕೂಡಿ ಹಾಡುವುದಕ್ಕೆ ಜಾಗ ಸಿಗಲಿ. ಮಾತ್ರೆಯ ಬದಲಿಗೆ ಅಲ್ಲ, ಮಾತ್ರೆಯ ಜೊತೆಗೆ. ಸಂಶೋಧಕರಿಗೆ ಒಂದು ಕೆಲಸ: ಗಡಿಯ ಭಜನೆಯಲ್ಲಿ ನಿಮಿಷಕ್ಕೆ ಉಸಿರು ಎಷ್ಟು, ಹಾಡಿದ ಮೇಲೆ ನಿದ್ದೆ ಹೇಗೆ ಅಂತ ಅಳೆಯುವುದು ಕಷ್ಟವಲ್ಲ. ಹಾಡುವವರ ಒಪ್ಪಿಗೆ ಪಡೆದು, ಅವರ ಭಾಷೆಯಲ್ಲೇ ಕೇಳಿ ಮಾಡಬಹುದು.

ಸಂವಾದ (ಆಯ್ದ ಭಾಗ)

ಕಲ್ಯಾಣದುರ್ಗದ ಶಿಕ್ಷಕಿಯೊಬ್ಬರು: ಮೇಡಂ, ನಮ್ಮ ಹತ್ತನೇ ತರಗತಿ ಮಕ್ಕಳಿಗೆ ಪರೀಕ್ಷೆ ಅಂದ್ರೆ ತುಂಬಾ ಭಯ. ಬೆಳಿಗ್ಗೆ ಯಾವ ಸಂಗೀತ ಹಾಕಲಿ?

ಉತ್ತರ: ಹಾಕಬೇಡಿ ಟೀಚರ್, ಹಾಡಿಸಿ. ಐದು ನಿಮಿಷ, ಅವರಿಗೆ ಬರುವ ಯಾವುದಾದರೂ ಹಾಡು, ಕನ್ನಡವೋ ತೆಲುಗೋ, ಸಿನಿಮಾದ್ದೇ ಆಗಲಿ. ಮುಗಿದ ಮೇಲೆ ಒಂದು ನಿಮಿಷ ಸುಮ್ಮನೆ ಕೂರಲಿ. ಹಾಡಲು ಇಷ್ಟವಿಲ್ಲದ ಮಗುವನ್ನು ಬಲವಂತ ಮಾಡಬೇಡಿ. ಅದೇ ಒಂದು ಹೊಸ ಪರೀಕ್ಷೆ ಆಗಬಾರದು.

ಬೆಂಗಳೂರಿನ ಸಂಶೋಧನಾ ವಿದ್ಯಾರ್ಥಿ: ನಿಮ್ಮ ವಾದದಿಂದ ಸಂಗೀತ ಚಿಕಿತ್ಸೆ ಅನ್ನುವ ಶಿಸ್ತಿಗೇ ಪೆಟ್ಟು ಬೀಳುವುದಿಲ್ಲವೇ?

ಉತ್ತರ: ಇಲ್ಲ, ಅದಕ್ಕೆ ಬಲ ಬರುತ್ತದೆ. ನಿಮ್ಹಾನ್ಸ್‌ನಂಥ ಕಡೆ ಸಂಗೀತ ಮತ್ತು ಮಿದುಳಿನ ಬಗ್ಗೆ ಗಂಭೀರ ಕೆಲಸ ನಡೆದಿದೆ. ಚಿಕಿತ್ಸಕರು ರೋಗಿಯನ್ನು ಕೇಳಿ, ನೋಡಿ, ಬದಲಾಯಿಸುತ್ತಾ ಹೋಗುತ್ತಾರೆ. ಪಟ್ಟಿ ಯಾರನ್ನೂ ಏನೂ ಕೇಳುವುದಿಲ್ಲ.

ಹಿಂದೂಪುರದ ಹಿರಿಯರೊಬ್ಬರು: ನಮ್ಮ ತಾಯಿಯವರಿಗೆ 80 ದಾಟಿದೆ. ರಾತ್ರಿ ಫೋನಿನಲ್ಲಿ ನೀಲಾಂಬರಿ ಹಾಕಿದರೆ ಮಲಗ್ತಾರೆ. ನಿಲ್ಲಿಸಬೇಕಾ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ, ಅಣ್ಣಾ. ಅಮ್ಮನಿಗೆ ಅದು ಇಷ್ಟ, ಪಕ್ಕದಲ್ಲಿ ನೀವು ಇದ್ದೀರಿ, ದಿನಾ ಅದೇ ಹೊತ್ತಿಗೆ ಹಾಕುತ್ತೀರಿ. ಈ ಮೂರರಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿದೆ ಅಂತ ಬಿಡಿಸೋ ಅಗತ್ಯ ಮನೆಯಲ್ಲಿ ಇಲ್ಲ. ವೈದ್ಯರು ಬರೆದ ಮಾತ್ರೆ ಮಾತ್ರ ತಪ್ಪಿಸಬೇಡಿ. ಮನೆಯಲ್ಲಿ ಯಾರಿಗಾದರೂ ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ‘ಬದುಕಿ ಏನು ಪ್ರಯೋಜನ’ ಅನ್ನುವ ಮಾತು ಬರುತ್ತಿದೆ ಅಂದರೆ ಹಾಡಿನ ಮೇಲೆ ಭಾರ ಹಾಕಿ ಕೂರಬೇಡಿ. 14416 ಟೆಲಿ ಮಾನಸ್ ನಂಬರ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡ್ತಾರೆ. ಬರೆದಿಟ್ಟುಕೊಳ್ಳಿ.